ಮಾರಿಸ್ ಮೈನರ್ ದುರಸ್ತಿ: ಹಳೇ ಇಂಜಿನ್ ಉಳಿಸೋದೋ, ಬೇರೆಯದು ಕೂರಿಸೋದೋ?

"ತಾತನ ಕಾಲದ ಮಾರಿಸ್ ಮೈನರ್ ಶೆಡ್ಡಿನಲ್ಲಿ ನಿಂತಿದೆ. ಇಂಜಿನ್ ಜಾಮ್ ಆಗಿದೆ. ಮಾರುತಿ ಇಂಜಿನ್ ಕೂರಿಸಿದರೆ ಆಗುತ್ತಾ?" ಊರು, ಕಾರಿನ ಬಣ್ಣ, ಮಾಡೆಲ್ ಬೇರೆಯಾದರೂ ನಮಗೆ ಬರುವ ಪ್ರಶ್ನೆ ಬಹುತೇಕ ಇದೇ. ಚುಟುಕು ಉತ್ತರ: ಆಗುತ್ತದೆ, ಆದರೆ ಬೇಡ. ಇಂಜಿನ್ ಬಿಚ್ಚಿ ಅಳತೆ ತೆಗೆಯುವವರೆಗಾದರೂ ಬೇಡ. ಈ ಕಾರಿನಲ್ಲಿ ಮಾಲೀಕರು ಹೆದರುವುದು ಇಂಜಿನ್‌ಗೆ. ಹೆದರಬೇಕಾದದ್ದು ತಳದ ತಗಡಿಗೆ ಮತ್ತು ಮುಂದಿನ ಚಕ್ರದ ಹತ್ತಿರ ಇರುವ ಒಂದು ಸಣ್ಣ ಕಬ್ಬಿಣದ ತುಂಡಿಗೆ. ಎರಡರ ವಿಷಯವೂ ಕೆಳಗಿದೆ.

ಇಲ್ಲಿ ಹೇಳಿರುವ ಅಳತೆಗಳು ಮೈನರ್‌ಗೆ ಸಂಬಂಧಿಸಿದವು. ಸ್ಟ್ಯಾಂಡರ್ಡ್ ಹೆರಾಲ್ಡ್, ಅಂಬಾಸಿಡರ್ ಇರುವವರು ಕ್ರಮವನ್ನು ಅನುಸರಿಸಬಹುದು, ಅಂಕಿಗಳನ್ನಲ್ಲ.

1. ನಿಮ್ಮ ಕಾರಿನಲ್ಲಿ ಯಾವ ಇಂಜಿನ್ ಇದೆ ಎಂದು ಮೊದಲು ಖಚಿತ ಮಾಡಿಕೊಳ್ಳಿ

ಅಲೆಕ್ ಇಸಿಗೋನಿಸ್ ವಿನ್ಯಾಸ ಮಾಡಿದ ಮೈನರ್ 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಹೊರಬಂತು, 1971ರವರೆಗೆ ತಯಾರಾಯಿತು. ಹಿಂದೂಸ್ತಾನ್ ಮೋಟಾರ್ಸ್ ಮೊದಲ ಮಾಡೆಲನ್ನು ನಮ್ಮಲ್ಲಿ 'ಬೇಬಿ ಹಿಂದೂಸ್ತಾನ್' ಹೆಸರಲ್ಲಿ ಮಾರಿತು. ಈ ಅವಧಿಯಲ್ಲಿ ಕಾರಿಗೆ ನಾಲ್ಕು ಇಂಜಿನ್‌ಗಳು ಬಂದವು:

- ಎಂಎಂ ಮಾಡೆಲ್ (1948–53): 918 ಸಿಸಿ, ಸೈಡ್ ವಾಲ್ವ್. ಅಂದರೆ ವಾಲ್ವ್‌ಗಳು ಇಂಜಿನ್‌ನ ಮೇಲಿನ ಮುಚ್ಚಳವಾದ ಹೆಡ್‌ನಲ್ಲಿಲ್ಲ, ಸಿಲಿಂಡರ್ ಪಕ್ಕದಲ್ಲಿ ಬ್ಲಾಕ್‌ನಲ್ಲೇ ಇವೆ.
- ಸೀರೀಸ್ 2 (1952–56): 803 ಸಿಸಿ, 30 ಬಿಎಚ್‌ಪಿ.
- ಮೈನರ್ 1000 (1956–62): 948 ಸಿಸಿ, 37 ಬಿಎಚ್‌ಪಿ.
- ಮೈನರ್ 1000 (1962ರ ನಂತರ): 1098 ಸಿಸಿ, 48 ಬಿಎಚ್‌ಪಿ.

ಕೊನೆಯ ಮೂರೂ ಆಸ್ಟಿನ್ ಕಂಪನಿಯ 'ಎ-ಸೀರೀಸ್' ಎಂಬ ಒಂದೇ ಮನೆತನದವು. ಮುಂದೆ ಬದಲಿ ಇಂಜಿನ್ ಲೆಕ್ಕಾಚಾರ ನಿಲ್ಲುವುದೇ ಈ ನೆಂಟಸ್ತಿಕೆಯ ಮೇಲೆ.

ಎ-ಸೀರೀಸ್‌ನಲ್ಲಿ ಇಂಜಿನ್ ನಂಬರ್ ಬ್ಲಾಕ್‌ನ ಬಲಗಡೆ, ಡೈನಮೊ ಕೂರುವ ಜಾಗದ ಮೇಲೆ ರಿವೆಟ್ ಹೊಡೆದ ಸಣ್ಣ ತಗಡಿನ ಮೇಲಿರುತ್ತದೆ. 9ಎಂ ಎಂದು ಶುರುವಾದರೆ 948, 10ಎಂಎ ಎಂದಿದ್ದರೆ 1098. ಆಮೇಲೆ ಬರುವ ಎಚ್ ಅಥವಾ ಎಲ್ ಅಕ್ಷರ ಕಂಪ್ರೆಶನ್ (ಸಿಲಿಂಡರ್‌ನೊಳಗೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಹಿಂಡುವ ಪ್ರಮಾಣ) ಹೆಚ್ಚೋ ಕಡಿಮೆಯೋ ಎಂದು ಹೇಳುತ್ತದೆ. ತಗಡು ರಿವೆಟ್‌ನಲ್ಲಿ ನಿಂತಿರುವುದರಿಂದ ಒಂದು ಬ್ಲಾಕ್‌ನಿಂದ ಕಿತ್ತು ಇನ್ನೊಂದಕ್ಕೆ ಹೊಡೆಯುವುದು ಕಷ್ಟವಲ್ಲ, ಹಿಂದೆ ಹಾಗೆ ಮಾಡಿದ್ದೂ ಉಂಟು. ಅದಕ್ಕೇ ಬ್ಲಾಕ್‌ನ ಮೈಮೇಲೆ ಅಚ್ಚಿನಲ್ಲೇ ಮೂಡಿರುವ ಸಿಸಿ ಅಂಕಿಯನ್ನೂ ಗ್ರೀಸ್ ಒರೆಸಿ ನೋಡಿ. ಎರಡನ್ನೂ ಆರ್‌ಸಿ ಪುಸ್ತಕದ ಜೊತೆ ಹೋಲಿಸಿ, ಫೋಟೊ ತೆಗೆದಿಟ್ಟುಕೊಳ್ಳಿ. ಹೊಂದದಿದ್ದರೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಇಲ್ಲೊಂದು ಗುಂಡಿ ಇದೆ. ಹೆರಾಲ್ಡ್‌ನ ಮೊದಲ ಇಂಜಿನ್ ಕೂಡ 948 ಸಿಸಿ. ಆದರೆ ಅದು ಸ್ಟ್ಯಾಂಡರ್ಡ್ ಕಂಪನಿಯ ಬೇರೆಯೇ ಇಂಜಿನ್. ಅದರ ಬೋರ್, ಅಂದರೆ ಸಿಲಿಂಡರ್‌ನ ಒಳವ್ಯಾಸ, 63 ಮಿ.ಮೀ., ಮೈನರ್‌ನದು 62.94. ಕಣ್ಣಿಗೆ ಒಂದೇ ಥರ ಕಾಣುವ ಪಿಸ್ಟನ್, ಹೆಡ್ ಪ್ಯಾಕಿಂಗ್ ಹಿಡಿದುಕೊಂಡು ಬಂದರೆ ಹಣ ವ್ಯರ್ಥ. ಅಂಬಾಸಿಡರ್‌ನ 1489 ಸಿಸಿ ಇಂಜಿನ್ 'ಬಿ-ಸೀರೀಸ್', ಮೈನರ್‌ನದಕ್ಕಿಂತ ದೊಡ್ಡದು. ಅದರ ಒಳಭಾಗಗಳೂ ಇದಕ್ಕೆ ಬರುವುದಿಲ್ಲ.

2. ಇಂಜಿನ್ ಮುಟ್ಟುವ ಮೊದಲು ಕಾರಿನ ಕೆಳಗೆ ಮಲಗಿ

ಮೈನರ್‌ಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ತಗಡು ಹೋದರೆ ಕಾರೇ ಹೋಯಿತು. ಹೀಗಾಗಿ ಇಂಜಿನ್‌ಗೆ ಹಾಕುವ ದುಡ್ಡಿಗೆ ಅರ್ಥ ಬರುವುದು ಟಿಂಕರಿಂಗ್ ಲೆಕ್ಕ ಸಿಕ್ಕ ಮೇಲೆ.

ಒಂದು ಅಯಸ್ಕಾಂತ, ಒಂದು ಹಳೇ ಸ್ಕ್ರೂಡ್ರೈವರ್, ಟಾರ್ಚ್ ಸಾಕು. ಅಯಸ್ಕಾಂತ ಹಿಡಿಯದ ಕಡೆ ತಗಡಿಲ್ಲ, ಪುಟ್ಟಿ ಇದೆ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಬೇಕಾದ ಜಾಗಗಳು: ಬಾಗಿಲ ಕೆಳಗಿನ ಸಿಲ್, ಹಿಂದಿನ ಪ್ಲೇಟ್ ಸ್ಪ್ರಿಂಗ್ ತೂಗುಹಾಕಿರುವ ಹ್ಯಾಂಗರ್, ಮುಂದಿನ ಎರಡು ಉದ್ದ ತೊಲೆಗಳು, ಮತ್ತು ಮುಂದಿನ ಸೀಟುಗಳ ಕೆಳಗೆ ಅಡ್ಡ ಹಾಯುವ ಕ್ರಾಸ್ ಮೆಂಬರ್.

ಈ ಅಡ್ಡ ತೊಲೆಯ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಮೈನರ್‌ನ ಮುಂದಿನ ಸಸ್ಪೆನ್ಷನ್‌ಗೆ ಸುರುಳಿ ಸ್ಪ್ರಿಂಗ್ ಇಲ್ಲ, ಟಾರ್ಷನ್ ಬಾರ್ ಇದೆ. ಇದು ತಿರುಚಿ ಭಾರ ಹೊರುವ ಉದ್ದನೆಯ ಉಕ್ಕಿನ ಸರಳು. ಅದರ ಹಿಂದಿನ ತುದಿ ಕಚ್ಚಿರುವುದು ಈ ತೊಲೆಗೇ. ತುಕ್ಕು ಹಿಡಿದ ತೊಲೆಗೆ ಮೇಲಿಂದ ಹೊಸ ತಗಡು ಹೊದಿಸಿ ಬೆಸುಗೆ ಹಾಕಿ ಕಪ್ಪು ಬಳಿದ ಕಾರುಗಳು ಮಾರಾಟಕ್ಕೆ ಬರುತ್ತವೆ. ಒಳಗಿನದು ಪುಡಿಯಾಗಿದ್ದರೆ ಹೊದಿಕೆಯಿಂದ ಪ್ರಯೋಜನವಿಲ್ಲ. ಕತ್ತರಿಸಿ ಬದಲಿಸಲೇಬೇಕು, ಅದೂ ಕಾರಿಗೆ ಸರಿಯಾದ ಆಸರೆ ಕೊಟ್ಟು, ಬಾಗಿಲ ಸಂದುಗಳನ್ನು ಅಳೆಯುತ್ತಾ.

ಇನ್ನು ಆರಂಭದಲ್ಲಿ ಹೇಳಿದ ಸಣ್ಣ ತುಂಡು. ಮುಂದಿನ ಚಕ್ರ ತಿರುಗುವುದು ಟ್ರನಿಯನ್ ಎಂಬ, ಸ್ಕ್ರೂವಿನಂತೆ ಮರೆ (ತಿರುಪಿನ ಗೆರೆ) ಇರುವ ಕೀಲಿನ ಮೇಲೆ. ಪ್ರತಿ 1,500 ಕಿ.ಮೀ. ಆಸುಪಾಸಿನಲ್ಲಿ ಅದಕ್ಕೆ ಗ್ರೀಸ್ ಬೇಕು. ವರ್ಷಗಟ್ಟಲೆ ಗ್ರೀಸ್ ಕಾಣದಿದ್ದರೆ ಮರೆ ಸವೆದು, ಒಂದು ದಿನ ಗುಂಡಿಗೆ ಇಳಿದಾಗಲೋ ತಿರುಗಿಸುವಾಗಲೋ ಕೀಲು ಕಳಚಿ ಚಕ್ರ ಮಡ್‌ಗಾರ್ಡ್ ಒಳಗೆ ಮಲಗುತ್ತದೆ. ಜಾಕ್ ಹಾಕಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಇದ್ದರೆ ಮೊದಲ ಖರ್ಚು ಇದಕ್ಕೆ. ಬ್ರೇಕ್ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲಡಿಯ ತೊಲೆಯೊಳಗೆ ಅಡಗಿರುತ್ತದೆ. ಅದರ ಮುಚ್ಚಳ ತೆಗೆದು ಎಣ್ಣೆ ನೋಡುವ ಕೆಲಸ ಎಷ್ಟೋ ಕಾರುಗಳಲ್ಲಿ ಆಗಿಯೇ ಇರುವುದಿಲ್ಲ.

3. ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆಗಳು

*ಇಂಜಿನ್ ತಿರುಗದಿದ್ದರೆ.* ಸೆಲ್ಫ್ ಹೊಡೆಯಬೇಡಿ; ಎಳೆದು ಸ್ಟಾರ್ಟ್ ಮಾಡಲು ನೋಡಲೇಬೇಡಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡಲ್ ಹಾಕಿ ತಿರುಗಿಸಿ. ವರ್ಷಾನುಗಟ್ಟಲೆ ನಿಂತ ಕಾರಿನಲ್ಲಿ ಎಷ್ಟೋ ಸಲ ಅಂಟಿಕೊಂಡಿರುವುದು ಕ್ಲಚ್ ಪ್ಲೇಟ್ ಅಥವಾ ಬ್ರೇಕ್, ಪಿಸ್ಟನ್ ಅಲ್ಲ. ಪಿಸ್ಟನ್ನೇ ಅಂಟಿದ್ದರೆ ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರ್‌ಗೂ ಡೀಸೆಲ್ ಮತ್ತು ಗೇರ್ ಎಣ್ಣೆ ಬೆರೆಸಿ ಸುರಿದು ಒಂದು ವಾರ ಬಿಡಿ. ಆಮೇಲೆ ಹ್ಯಾಂಡಲನ್ನು ಹಿಂದಕ್ಕೂ ಮುಂದಕ್ಕೂ ಕೊಂಚ ಕೊಂಚವೇ ಅಲುಗಿಸಿ. ಪೈಪು ತೂರಿಸಿ ಬಲ ಹಾಕಿದರೆ ರಿಂಗ್ ಮುರಿದು ಸಿಲಿಂಡರ್ ಗೋಡೆಗೆ ಗೀರು ಬೀಳುತ್ತದೆ, ಆಗ ಉಳಿಯಬಹುದಾಗಿದ್ದ ಬೋರ್ ಕೈಬಿಡುತ್ತದೆ.

*ತಿರುಗುವ ಇಂಜಿನ್ ಆದರೆ* ಕಂಪ್ರೆಶನ್ ಪರೀಕ್ಷೆ ಮಾಡಿ, ಅಂದರೆ ಪ್ಲಗ್ ತೂತಿಗೆ ಗೇಜ್ ಹಿಡಿದು ಸೆಲ್ಫ್ ಹೊಡೆದು ಒತ್ತಡ ನೋಡಿ. ಇಂಜಿನ್ ಬಿಸಿಯಾಗಿರಲಿ, ಬ್ಯಾಟರಿ ತುಂಬಿರಲಿ, ನಾಲ್ಕೂ ಪ್ಲಗ್ ಹೊರಗಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಿರಿ. ಇದನ್ನು ಮರೆತರೆ ಗಾಳಿ ಒಳಗೆ ಬರದೆ ಒಳ್ಳೇ ಇಂಜಿನ್ನೂ ಕೆಟ್ಟದಾಗಿ ತೋರುತ್ತದೆ. ಒಟ್ಟು ಅಂಕಿಗಿಂತ ನಾಲ್ಕು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ, ಶೇ. 10ರೊಳಗೆ ಇದ್ದರೆ ನೆಮ್ಮದಿ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು, ಅದರಲ್ಲೂ 2 ಮತ್ತು 3 ಒಟ್ಟಿಗೇ ಕಡಿಮೆ ಇದ್ದರೆ ಹೆಡ್ ಪ್ಯಾಕಿಂಗ್ ಹೋಗಿರಬಹುದು. ಈ ಇಂಜಿನ್‌ನಲ್ಲಿ ನಡುವಿನ ಎರಡು ಸಿಲಿಂಡರ್‌ಗಳ ಹೊಗೆ ಒಂದೇ ಕಿಂಡಿಯಿಂದ ಹೊರಹೋಗುತ್ತದೆ, ಶಾಖ ಅಲ್ಲೇ ಹೆಚ್ಚು.

*ಆಯಿಲ್ ಪ್ರೆಶರ್* ನೋಡಲು ಡ್ಯಾಶ್‌ಬೋರ್ಡ್ ದೀಪವನ್ನು ನಂಬಬೇಡಿ. ಮೆಕ್ಯಾನಿಕ್‌ನಿಂದ ಗೇಜ್ ತಂದು ಹಾಕಿಸಿ. ಬಿಸಿ ಇಂಜಿನ್ ಓಡುವಾಗ 60 ಪಿಎಸ್‌ಐ ಹತ್ತಿರ, ಐಡ್ಲಿಂಗ್‌ನಲ್ಲಿ 15ರ ಆಸುಪಾಸು ಇರಬೇಕು. ಓಡುವಾಗಲೇ 30ಕ್ಕಿಂತ ಕೆಳಗಿದ್ದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಬೇರಿಂಗ್ ಕೆಲಸ ಖಾತ್ರಿ.

ಇವಿಷ್ಟರಲ್ಲಿ ಇಂಜಿನ್‌ಗೆ ಮರಣದಂಡನೆ ಕೊಡಿಸುವ ಮೂರು 'ರೋಗ'ಗಳು ವಾಸ್ತವದಲ್ಲಿ ರೋಗಗಳೇ ಅಲ್ಲ:

ಒಂದು, ಹಿಂದಿನಿಂದ ಎಣ್ಣೆ ತೊಟ್ಟಿಕ್ಕುವುದು. ಎ-ಸೀರೀಸ್ ಕ್ರ್ಯಾಂಕ್‌ನ ಹಿಂತುದಿಯಲ್ಲಿ ರಬ್ಬರ್ ಸೀಲ್ ಇಲ್ಲ. ಎಣ್ಣೆಯನ್ನು ಒಳಕ್ಕೆ ತಿರುಗಿಸಿ ಕಳಿಸುವ ಮರೆ ಮಾತ್ರ ಇದೆ. ನಿಂತಾಗ ನಾಲ್ಕು ಹನಿ ಬೀಳುವುದು ಸಹಜ. ಧಾರೆಯಾದರೆ ರಿಂಗ್ ಸವೆದು ಕೆಳಗೆ ಒತ್ತಡ ಹೆಚ್ಚಿದೆ ಎಂದರ್ಥ, ಅಥವಾ ಬ್ರೀದರ್ ಪೈಪ್ ಕಟ್ಟಿಕೊಂಡಿದೆ. ಪೈಪನ್ನು ಮೊದಲು ತೊಳೆಯಿರಿ.

ಎರಡು, ಮುಂದುಗಡೆ ಕಟಕಟ. ಟೈಮಿಂಗ್ ಚೈನ್ ಬಿಗಿ ಹಿಡಿಯಲು ಹಲ್ಲುಚಕ್ರದ ಅಂಚಿನಲ್ಲಿ ರಬ್ಬರ್ ಬಳೆಗಳಿವೆ. ಅವು ಗಟ್ಟಿಯಾಗಿ ಉದುರಿರುತ್ತವೆ. ಚೈನ್ ಮತ್ತು ಬಳೆ ಬದಲಿಸಿದರೆ ಸದ್ದು ಹೋಯಿತು.

ಮೂರು, ಬಿಸಿಯಾಗುವುದು. ಬ್ಲಾಕ್‌ನ ಹಿಂಭಾಗದಲ್ಲಿ, 4ನೇ ಸಿಲಿಂಡರ್ ಸುತ್ತ ದಶಕಗಳ ತುಕ್ಕಿನ ಕೆಸರು ಕೂತಿರುತ್ತದೆ. ಬೋರ್‌ವೆಲ್ ನೀರು ಹಾಕಿಕೊಂಡು ಬಂದ ಕಾರುಗಳಲ್ಲಿ ಅದು ಸುಣ್ಣದ ಗಡ್ಡೆಯಾಗಿರುತ್ತದೆ. ಅಲ್ಲಿರುವ ನೀರಿನ ನಲ್ಲಿ ತೆಗೆದಾಗ ಏನೂ ಬರದಿದ್ದರೆ ಕಾರಣ ಸಿಕ್ಕಿತು. ನಲ್ಲಿಯನ್ನೇ ಕಿತ್ತು ತಂತಿಯಿಂದ ಕೆದಕಿ, ಪಕ್ಕದ ವೆಲ್ಚ್ ಪ್ಲಗ್‌ಗಳನ್ನು, ಅಂದರೆ ಬ್ಲಾಕ್‌ನ ತೂತು ಮುಚ್ಚಿರುವ ತಗಡಿನ ಬಿಲ್ಲೆಗಳನ್ನು ತೆಗೆದು ತೊಳೆಯಬೇಕು. ರೇಡಿಯೇಟರ್ ಬದಲಿಸಿದ ಮೇಲೂ ಕಾರು ಕುದಿಯುತ್ತದೆ ಎನ್ನುವವರು ಈ ಕೆಲಸ ಬಿಟ್ಟಿರುತ್ತಾರೆ.

4. ಬಿಚ್ಚಿ, ಅಳೆದು, ಬರೆದಿಡಿ

ಲೇತ್‌ನವರಿಗೆ ಬ್ಲಾಕ್ ಕೊಟ್ಟು "ಏನು ಬೇಕೋ ಮಾಡಿ" ಎಂದು ಬರಬೇಡಿ. ಅಳತೆ ಬರೆಸಿಕೊಳ್ಳಿ. ಬೇಕಾದವು ಇಷ್ಟು:

ಬೋರ್: ಪ್ರತಿ ಸಿಲಿಂಡರ್‌ನಲ್ಲಿ ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಉದ್ದಕ್ಕೆ ಮತ್ತು ಅಡ್ಡಕ್ಕೆ. ಸವೆತ 0.2 ಮಿ.ಮೀ. ದಾಟಿದ್ದರೆ ಹೊಸ ರಿಂಗ್ ಹಾಕಿ ಪ್ರಯೋಜನವಿಲ್ಲ, ರೀಬೋರ್ ಮಾಡಿಸಬೇಕು. ದೊಡ್ಡ ಪಿಸ್ಟನ್‌ಗಳು 10, 20, 30, 40 'ಥೌ' ಮೆಟ್ಟಿಲುಗಳಲ್ಲಿ ಬರುತ್ತವೆ. ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ, 0.0254 ಮಿ.ಮೀ. ಈಗಾಗಲೇ 40 ಆಗಿಹೋಗಿದ್ದರೂ ಬ್ಲಾಕ್ ಎಸೆಯಬೇಕಿಲ್ಲ. ಲೈನರ್ ಅಥವಾ ಸ್ಲೀವ್ ಒತ್ತಿಸಿ ಮೂಲ ಅಳತೆಗೆ ತರಬಹುದು.

ಕ್ರ್ಯಾಂಕ್: ಮೂರು ಮೇನ್, ನಾಲ್ಕು ಬಿಗ್ ಎಂಡ್ ಜರ್ನಲ್‌ಗಳ, ಅಂದರೆ ಬೇರಿಂಗ್ ಕೂರುವ ಭಾಗಗಳ ದುಂಡುತನ. ಉಜ್ಜಿಸಬೇಕಾದರೆ ಅದೂ 10, 20, 30, 40 ಥೌ ಲೆಕ್ಕದಲ್ಲೇ. ಉಜ್ಜುವ ಮೊದಲು ಬಿರುಕು ಪರೀಕ್ಷೆ ಮಾಡಿಸಿ. ಕ್ರ್ಯಾಂಕ್ ಹಿಂದೆಮುಂದೆ ಜರುಗುವ ಆಟ 0.05ರಿಂದ 0.076 ಮಿ.ಮೀ. ಇರಬೇಕು, ಹೆಚ್ಚಾಗಿದ್ದರೆ ನಡುವಿನ ಮೇನ್ ಬೇರಿಂಗ್ ಪಕ್ಕದ ಥ್ರಸ್ಟ್ ವಾಷರ್ ಬದಲಿಸಬೇಕು.

ಹೆಡ್: ಸಮತಟ್ಟಾಗಿದೆಯೇ, ವಾಲ್ವ್ ಸೀಟುಗಳ ನಡುವೆ ಬಿರುಕಿದೆಯೇ. ರಾಕರ್ ಶಾಫ್ಟ್ ಮತ್ತು ವಾಲ್ವ್ ಒತ್ತಿ ತೆರೆಯುವ ರಾಕರ್‌ನ ಮುಖಗಳನ್ನೂ ನೋಡಿ. ರಾಕರ್ ಮುಖದಲ್ಲಿ ಗುಂಡಿ ಬಿದ್ದಿದ್ದರೆ ಫೀಲರ್ ಗೇಜ್ ಆ ಗುಂಡಿಯ ಮೇಲೆ ಸೇತುವೆಯಂತೆ ನಿಂತು ತಪ್ಪು ಅಂತರ ತೋರಿಸುತ್ತದೆ. ಎಷ್ಟು ಸಲ ಟ್ಯಾಪೆಟ್ (ರಾಕರ್‌ಗೂ ವಾಲ್ವ್‌ಗೂ ನಡುವಿನ ಅಂತರ) ಹೊಂದಿಸಿದರೂ ಸದ್ದು ಹೋಗದಿರುವುದು ಇದರಿಂದ.

ತಪ್ಪಾಗುವುದು ಇಲ್ಲಿ: ಅಳತೆಗೆ ಮೊದಲೇ ಬ್ರಿಟನ್ನಿನಿಂದ ಪಿಸ್ಟನ್, ಬೇರಿಂಗ್ ತರಿಸಿಬಿಡುವುದು. ಬೇರಿಂಗ್ 20ರದ್ದು ಬಂದಿರುತ್ತದೆ, ಕ್ರ್ಯಾಂಕ್ 30 ಕೇಳುತ್ತದೆ. ಪಿಸ್ಟನ್ ವಿಷಯದಲ್ಲಿ ಕ್ರಮ ಹೀಗಿರಲಿ: ಮೊದಲು ಅಳತೆ, ಆಮೇಲೆ ಪಿಸ್ಟನ್ ತರಿಸುವುದು, ಪಿಸ್ಟನ್ ಕೈಗೆ ಬಂದ ಮೇಲೆ ಅದಕ್ಕೆ ತಕ್ಕ ಸಡಿಲ ಬಿಟ್ಟು ಬೋರ್ ಮಾಡಿಸುವುದು. ಕ್ರ್ಯಾಂಕ್‌ನಲ್ಲಿ ಉಲ್ಟಾ: ಮೊದಲು ಉಜ್ಜಿಸಿ, ಎಷ್ಟಕ್ಕೆ ನಿಂತಿತು ಎಂದು ನೋಡಿ, ಆಮೇಲೆ ಬೇರಿಂಗ್.

5. ಈಗ ತೀರ್ಮಾನ

ಬ್ಲಾಕ್ ಒಡೆದಿಲ್ಲ, ಕ್ರ್ಯಾಂಕ್‌ನಲ್ಲಿ ಬಿರುಕಿಲ್ಲ ಎಂದಾದರೆ ಇಂಜಿನ್ ಉಳಿಸಿ. ಇದು ಬರೀ ಭಾವನೆಯ ಮಾತಲ್ಲ. ಎ-ಸೀರೀಸ್‌ನ ಬಿಡಿಭಾಗಗಳು ಬ್ರಿಟನ್ನಿನಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತಿವೆ, ಯಾಕೆಂದರೆ ಇದೇ ಇಂಜಿನ್ ಮಿನಿ ಕಾರಿನಲ್ಲಿ 2000ದವರೆಗೂ ಬಂದಿತ್ತು. ಇಷ್ಟು ಹಳೆಯ ಕಾರಿಗೆ ಇಷ್ಟು ಸುಲಭವಾಗಿ ಒಳಭಾಗ ಸಿಗುವುದು ಅಪರೂಪ.

ಕಾನೂನೂ ಅದೇ ಕಡೆಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಇಂಜಿನ್ ಬದಲಾದರೆ 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಇನ್ನೊಂದು, 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನ ನಿಯಮ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್‌ನಲ್ಲಿ ಗಣನೀಯ ಬದಲಾವಣೆ ಆಗದ ಕಾರಿಗೆ 'ವಿಎ' ಅಕ್ಷರವಿರುವ ಪ್ರತ್ಯೇಕ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂ., ಅವಧಿ 10 ವರ್ಷ, ಮರುನೋಂದಣಿಗೆ 5,000 ರೂ. ದಿನನಿತ್ಯದ ಓಡಾಟಕ್ಕೆ ಈ ನಂಬರ್ ಅಲ್ಲ ಎನ್ನುವುದು ನೆನಪಿರಲಿ. ಜಪಾನಿ ಇಂಜಿನ್ ಕೂರಿಸಿದ ಮೈನರ್‌ಗೆ ಈ ಬಾಗಿಲು ಮುಚ್ಚಿಹೋಗುತ್ತದೆ. ವಿಮೆಯವರೂ ಅಪಘಾತದ ದಿನ ಮೊದಲು ಕೇಳುವುದು ಇಂಜಿನ್ ನಂಬರ್ ಹೊಂದುತ್ತದೆಯೇ ಎಂದು.

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಲೆಕ್ಕ ಬೇರೆ. ಅಲ್ಲಿ ಡಿವಿಎಲ್‌ಎ, ಅಂದರೆ ಅಲ್ಲಿನ ಆರ್‌ಟಿಒ, ತೀರಾ ಮಾರ್ಪಾಡಾದ ಕಾರು ತನ್ನ ಹಳೇ ನಂಬರ್ ಉಳಿಸಿಕೊಳ್ಳಲು 2025ರವರೆಗೆ 8 ಅಂಕ ಕೇಳುತ್ತಿತ್ತು. ಮೂಲ ಚಾಸಿ ಅಥವಾ ಬಾಡಿ ಉಳಿದಿದ್ದರೆ 5. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್ ತಲಾ 2. ಇಂಜಿನ್‌ಗೆ ಬರೀ 1 ಇತ್ತು. ಆದರೆ 40 ವರ್ಷ ದಾಟಿದ ಕಾರಿಗೆ ವಾರ್ಷಿಕ ಎಂಒಟಿ ತಪಾಸಣೆಯಿಂದ ವಿನಾಯಿತಿ ಬೇಕಾದರೆ ಕಳೆದ 30 ವರ್ಷದಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಅದೇ ಇಂಜಿನ್ನಿನ ಬೇರೆ ಸಿಸಿ ಅವತಾರವನ್ನು ಅಲ್ಲಿ ಗಣನೀಯ ಬದಲಾವಣೆ ಎಂದು ಎಣಿಸುವುದಿಲ್ಲ. 948 ತೆಗೆದು 1098 ಹಾಕಿದರೆ ತೊಂದರೆಯಿಲ್ಲ.

ಮೂಲ ಇಂಜಿನ್ನೇ ಕೆಟ್ಟದ್ದಾಗಿದ್ದರೆ? ಅದಕ್ಕೆ ಟ್ರಯಂಫ್ ಸ್ಟ್ಯಾಗ್ ಉದಾಹರಣೆ. 1970ರಿಂದ 1977ರವರೆಗೆ ಬಂದ ಈ ಕಾರಿನ 2997 ಸಿಸಿ ವಿ8 ಇಂಜಿನ್ ಕುದಿಯುವುದಕ್ಕೇ ಹೆಸರಾಗಿತ್ತು. ನೀರಿನ ಪಂಪ್ ಇಂಜಿನ್‌ನ ತಲೆಯ ಮೇಲೆ, ನೀರು ಸ್ವಲ್ಪ ಕಡಿಮೆಯಾದರೂ ಮೊದಲು ಒಣಗುವುದು ಅದೇ. ಅಚ್ಚಿನ ಮರಳು ಬ್ಲಾಕ್‌ನೊಳಗೇ ಉಳಿದು ರೇಡಿಯೇಟರ್ ಕಟ್ಟಿಸುತ್ತಿತ್ತು. ಟೈಮಿಂಗ್ ಚೈನ್ ಬೇಗ ಸಡಿಲವಾಗುತ್ತಿತ್ತು. ಮಾಲೀಕರು ಸಿಟ್ಟಿಗೆದ್ದು ರೋವರ್ 3.5 ವಿ8, ಫೋರ್ಡ್ ವಿ6 ಕೂರಿಸಿದರು. ಇವತ್ತು ಬ್ಲಾಕ್ ಚೊಕ್ಕ ಮಾಡಿ, ಒಳ್ಳೇ ರೇಡಿಯೇಟರ್ ಹಾಕಿ, ಕೂಲೆಂಟ್ ಸರಿಯಾಗಿಟ್ಟರೆ ಅದೇ ಇಂಜಿನ್ ಓಡುತ್ತದೆ ಎಂದು ಗೊತ್ತಾಗಿದೆ. ಮೂಲ ಇಂಜಿನ್ ಇರುವ ಸ್ಟ್ಯಾಗ್‌ಗೆ ಬೇಡಿಕೆಯೂ ಹೆಚ್ಚು. ಮೈನರ್‌ನ ಇಂಜಿನ್‌ಗೆ ಇಂಥ ಹುಟ್ಟುರೋಗ ಇಲ್ಲವೇ ಇಲ್ಲ.

6. ಬದಲಿಸಲೇಬೇಕೆಂದರೆ, ಈ ಕ್ರಮದಲ್ಲಿ ಯೋಚಿಸಿ

*ಮೊದಲ ಆಯ್ಕೆ: ಅದೇ ಸಿಸಿಯ ಇನ್ನೊಂದು ಬ್ಲಾಕ್.* ಕಾಗದಪತ್ರಕ್ಕೂ ಕಾರಿಗೂ ಕಡಿಮೆ ತಲೆನೋವು.

*ಎರಡನೆಯದು: 803 ಅಥವಾ 948ರ ಬದಲು 1098.* 803ರ ಬಿಗ್ ಎಂಡ್ ಬೇರಿಂಗ್ ದುರ್ಬಲ, ಗೇರ್‌ಬಾಕ್ಸೂ ಅಷ್ಟಕ್ಕಷ್ಟೆ. ಹಾಗಾಗಿ ಇಂಜಿನ್ ಒಂದನ್ನೇ ಬದಲಿಸಬೇಡಿ. 948ಕ್ಕೆ 6¼ ಇಂಚಿನ ಕ್ಲಚ್, 1098ಕ್ಕೆ 7¼. ಗೇರ್‌ಬಾಕ್ಸ್ ಹೊರಮೈ ನಯವಾಗಿದ್ದರೆ 948ರದ್ದು. ಪಟ್ಟಿಪಟ್ಟಿಯ ಉಬ್ಬುಗಳಿದ್ದರೆ 1098ರದ್ದು. ಇಂಜಿನ್, ಬ್ಯಾಕ್ ಪ್ಲೇಟ್, ಫ್ಲೈವೀಲ್, ಕ್ಲಚ್, ಗೇರ್‌ಬಾಕ್ಸ್ ಒಂದು ಸೆಟ್ ಆಗಿ ಬಂದರೆ ಮಾತ್ರ ಕೊಳ್ಳಿ. ಜೊತೆಗೆ ಡಿಫರೆನ್ಷಿಯಲ್‌ನ ಹಲ್ಲುಚಕ್ರದ ಅನುಪಾತ ಕೂಡ ನೋಡಿ: 948 ಕಾರಿನಲ್ಲಿ 4.55, 1098ರಲ್ಲಿ 4.22. ಹಳೇ 4.55 ಬಿಟ್ಟರೆ ಕಾರು ಏರಿನಲ್ಲಿ ಚುರುಕು, ಹೆದ್ದಾರಿಯಲ್ಲಿ ಇಂಜಿನ್ ಅರಚುತ್ತದೆ. 1098ರ ಸ್ಟ್ರೋಕ್, ಅಂದರೆ ಪಿಸ್ಟನ್‌ನ ಓಟ, ಉದ್ದ, 83.72 ಮಿ.ಮೀ.; ಅದರ ಮೇನ್ ಜರ್ನಲ್ ಬರೀ 1¾ ಇಂಚು. ಹೆಚ್ಚು ಸುತ್ತು ತಿರುಗಿಸಿದರೆ ಒದರುತ್ತದೆ, ಅದನ್ನು ಹಾಗೆ ಓಡಿಸಬಾರದು.

*ಮೂರನೆಯದು: 1275.* ಎಂಜಿ ಮಿಡ್ಜೆಟ್, ಮಾರಿಸ್ ಮರೀನಾ ಕಾರುಗಳಲ್ಲಿ ಬಂದ ಎ-ಸೀರೀಸ್. ಬ್ರಿಟನ್ನಿನಲ್ಲಿ ಮೈನರ್‌ಗೆ ಅತಿ ಹೆಚ್ಚು ಕೂರಿಸುವುದು ಇದನ್ನೇ. ಗುರುತು: 948, 1098ರ ಎಡಬದಿಯಲ್ಲಿ ಮ್ಯಾನಿಫೋಲ್ಡ್ ಹಿಂದೆ ಎರಡು ಟ್ಯಾಪೆಟ್ ಮುಚ್ಚಳಗಳಿರುತ್ತವೆ, 1275ರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮಿನಿಯಿಂದ ಬಿಚ್ಚಿದ 1275 ಅಗ್ಗವಾಗಿ ಸಿಗಬಹುದು, ಆದರೆ ಅದು ಕಾರಿಗೆ ಅಡ್ಡವಾಗಿ, ಗೇರ್‌ಬಾಕ್ಸ್ ಹೊಟ್ಟೆಯಡಿ ಇಟ್ಟುಕೊಂಡು ಕೂತಿದ್ದ ಇಂಜಿನ್. ಸಂಪ್, ಪ್ಲೇಟ್‌ಗಳು, ಫ್ಲೈವೀಲ್ ಎಲ್ಲ ಬೇರೆ. ಅಗ್ಗ ಎಂದು ಕೈಹಾಕಬೇಡಿ. 1275 ಹಾಕಿದರೆ ಬ್ರೇಕ್ ಬದಲಿಸದೆ ರಸ್ತೆಗೆ ಇಳಿಸಬೇಡಿ: ಕನಿಷ್ಠ 1098ರ 8 ಇಂಚಿನ ಮುಂದಿನ ಡ್ರಮ್, ಇಲ್ಲವೇ ಡಿಸ್ಕ್. 948 ಕಾಲದ 7 ಇಂಚಿನ ಡ್ರಮ್‌ಗಳು ಅದರ ವೇಗಕ್ಕೆ ಸಾಲವು.

*ಕೊನೆಯದು: ಮಾರುತಿ ಅಥವಾ ಬೇರೆ ಇಂಜಿನ್.* ಓಮ್ನಿ, ಜಿಪ್ಸಿಗಳ ಇಂಜಿನ್ ಉದ್ದಕ್ಕೆ ಕೂರುವುದರಿಂದ, ಹಿಂದಿನ ಚಕ್ರ ಓಡಿಸುವುದರಿಂದ ಮೈನರ್‌ಗೆ ಹೊಂದುವಂತೆ ಕಾಣುತ್ತದೆ. ಹೊಂದಿಸಲು ಗೇರ್‌ಬಾಕ್ಸ್ ಸುರಂಗ ಕತ್ತರಿಸಬೇಕು, ಹೊಸ ಮೌಂಟಿಂಗ್ ಬೆಸೆಯಬೇಕು, ಪ್ರೊಪೆಲ್ಲರ್ ಶಾಫ್ಟ್ ಉದ್ದ ತಿದ್ದಿಸಿ ಬ್ಯಾಲೆನ್ಸ್ ಮಾಡಿಸಬೇಕು, ರೇಡಿಯೇಟರ್, ಸೈಲೆನ್ಸರ್, ಸ್ಪೀಡೋಮೀಟರ್ ಕೇಬಲ್ ಎಲ್ಲ ಬದಲು. ಗೇರ್‌ಬಾಕ್ಸ್‌ಗೆ ಜಾಗ ಸಾಲದೆಂದು ಟಾರ್ಷನ್ ಬಾರ್ ಕಚ್ಚಿರುವ ಆ ಅಡ್ಡ ತೊಲೆಗೆ ಗ್ಯಾಸ್ ಕಟ್ಟರ್ ಹಿಡಿಯುವವರಿದ್ದಾರೆ. ಅಂಥ ಕಡೆ ಕಾರು ಬಿಡಬೇಡಿ. ಇಷ್ಟೆಲ್ಲ ಮಾಡಿದ ಮೇಲೆ ಖರ್ಚು ಮೂಲ ಇಂಜಿನ್‌ನ ಪೂರ್ತಿ ಓವರ್‌ಹಾಲ್‌ಗಿಂತ ಕಡಿಮೆ ಇರುವುದಿಲ್ಲ. ಬದಲಾವಣೆ ಯಾವುದೇ ಇರಲಿ, ಬೋಲ್ಟ್ ಬಿಚ್ಚಿ ಹಿಂದಿನಂತೆ ಮಾಡಬಹುದಾದರೆ ಒಪ್ಪಿ. ಕತ್ತರಿಸಬೇಕಾದರೆ ನಿಲ್ಲಿಸಿ.

918 ಸೈಡ್ ವಾಲ್ವ್ ಇರುವ ಎಂಎಂ ನಿಮ್ಮದಾದರೆ ಈ ಅಧ್ಯಾಯವೇ ನಿಮಗಲ್ಲ. ನಿಧಾನದ ಇಂಜಿನ್ ನಿಜ, ಆದರೆ ಆ ಕಾರಿನ ಬೆಲೆಯೇ ಅದು.

7. ಜೋಡಿಸುವಾಗ

ಲೇತ್‌ನಿಂದ ಬಂದ ಬ್ಲಾಕ್ ಮತ್ತು ಕ್ರ್ಯಾಂಕ್‌ನ ಎಣ್ಣೆ ದಾರಿಗಳನ್ನು ಬ್ರಷ್ ಹಾಕಿ ಬಿಸಿ ಸೋಪು ನೀರಿನಲ್ಲಿ ತೊಳೆದು, ಗಾಳಿ ಹಿಡಿದು, ತಕ್ಷಣ ಎಣ್ಣೆ ಸವರಿ. ಉಜ್ಜಿದ ಪುಡಿ ಒಂದು ಚಿಟಿಕೆ ಉಳಿದರೂ ಹೊಸ ಬೇರಿಂಗ್ ಮೊದಲ ಗಂಟೆಯಲ್ಲೇ ಗೀಚಿಹೋಗುತ್ತದೆ.

ಬಿಗಿ: ಮೇನ್ ಬೇರಿಂಗ್ 81 ನ್ಯೂಟನ್ ಮೀಟರ್, ಬಿಗ್ ಎಂಡ್ 47, ಹೆಡ್ ನಟ್ 54. ಟಾರ್ಕ್ ವ್ರೆಂಚ್ ಇಲ್ಲದ ಮೆಕ್ಯಾನಿಕ್ "ಕೈ ಅಂದಾಜು ಇದೆ ಸಾರ್" ಎಂದರೆ ವ್ರೆಂಚ್ ನೀವೇ ತಂದುಕೊಡಿ. ಹೆಡ್ ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿ ಮಾಡಬೇಕು. ಹೆಡ್ ಕೂರಿಸುವ ಮೊದಲು ಹೆಡ್‌ಗೂ ನೀರಿನ ಪಂಪ್‌ಗೂ ನಡುವಿನ ಗಿಡ್ಡ ಬೈಪಾಸ್ ಹೋಸ್ ಹೊಸದು ಹಾಕಿಬಿಡಿ. ಹೆಡ್ ಬಿಗಿಯಾದ ಮೇಲೆ ಅದನ್ನು ತೂರಿಸುವುದು ಪೀಕಲಾಟ.

ಹೆಡ್ ಹೊರಗಿರುವಾಗಲೇ ಎಕ್ಸಾಸ್ಟ್ ಸೀಟುಗಳಿಗೆ ಗಟ್ಟಿ ಉಕ್ಕಿನ ಇನ್ಸರ್ಟ್ ಹಾಕಿಸಿ. ಹಳೇ ಪೆಟ್ರೋಲ್‌ನ ಸೀಸ ಈ ಕಬ್ಬಿಣದ ಸೀಟನ್ನು ಕಾಪಾಡುತ್ತಿತ್ತು. 2000ದಿಂದ ಸೀಸವಿಲ್ಲ, ಸೀಟು ಸವೆದು ವಾಲ್ವ್ ಒಳಗಿಳಿದು ಟ್ಯಾಪೆಟ್ ಅಂತರ ತಾನಾಗಿ ಮುಚ್ಚುತ್ತಾ ಹೋಗುತ್ತದೆ. ಟ್ಯಾಪೆಟ್ ಅಂತರ ತಣ್ಣಗಿದ್ದಾಗ 0.305 ಮಿ.ಮೀ., ಅಂದರೆ 12 ಥೌ. ಅದನ್ನು ಹೊಂದಿಸಲು '9ರ ಲೆಕ್ಕ': 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದು, 6 ತೆರೆದಾಗ 3, ಹೀಗೆ ಎರಡೂ ಕೂಡಿ 9 ಬರಬೇಕು. ಡಿಸ್ಟ್ರಿಬ್ಯೂಟರ್ ಪಾಯಿಂಟ್ ಅಂತರ 0.36ರಿಂದ 0.40, ಪ್ಲಗ್ 0.625 ಮಿ.ಮೀ., ಫೈರಿಂಗ್ ಕ್ರಮ 1-3-4-2.

ವಿದ್ಯುತ್ ವಿಷಯದಲ್ಲಿ ಒಂದೇ ಮಾತು: ಮೂಲ ಮೈನರ್‌ನಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಅರ್ಥ್. ಇದು ಗೊತ್ತಿಲ್ಲದೆ ಈಗಿನ ಕಾರಿನಂತೆ ಬ್ಯಾಟರಿ ಜೋಡಿಸಬೇಡಿ.

8. ಈಗಿನ ಪೆಟ್ರೋಲ್

ಇಲ್ಲಿ ಬಂಕ್‌ಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಇ20. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲ್ ಇ10. ಅಲ್ಲಿರುವವರು ಇ5 ಇರುವ ಸೂಪರ್ ಪೆಟ್ರೋಲ್ ಹಾಕಿಸಿದರೆ ಸಾಕು. ನಮಗೆ ಆ ಅನುಕೂಲ ಕಡಿಮೆ. ಎಥನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ತುಕ್ಕನ್ನು ಕೆದಕುತ್ತದೆ, ಗಾಳಿಯ ತೇವ ಹೀರುತ್ತದೆ. ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ ಪ್ರತಿ ರಬ್ಬರ್ ಪೈಪನ್ನೂ ಎಥನಾಲ್ ತಡೆಯುವ ದರ್ಜೆಯದಕ್ಕೆ ಬದಲಿಸಿ, ಪಂಪ್‌ನ ಡಯಾಫ್ರಾಮ್ ಕೂಡ. ಪಂಪ್‌ಗೆ ಮೊದಲು ಪಾರದರ್ಶಕ ಫಿಲ್ಟರ್ ಹಾಕಿ, ಮೊದಲ ತಿಂಗಳು ಅದರಲ್ಲಿ ಕೆಂಪು ಪುಡಿ ಬರುತ್ತಿದೆಯೇ ನೋಡುತ್ತಿರಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಕಾರ್ಬೊರೇಟರ್ ಖಾಲಿ ಮಾಡಿ.

ಎಥನಾಲ್‌ನಿಂದ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ. ಮೈನರ್‌ನ ಎಸ್‌ಯು ಎಚ್‌ಎಸ್2 ಕಾರ್ಬೊರೇಟರ್‌ನಲ್ಲಿ ಇದನ್ನು ಸರಿಪಡಿಸುವುದು ಸುಲಭ. ಕೆಳಗಿನ ಜೆಟ್ ನಟ್ಟನ್ನು ಪೂರ್ತಿ ಮೇಲಕ್ಕೆ ಒಯ್ದು, ಅಲ್ಲಿಂದ 12 ಮುಖ, ಅಂದರೆ ಎರಡು ಸುತ್ತು ಕೆಳಗಿಳಿಸಿ ಶುರುಮಾಡಿ. ಇಂಜಿನ್ ಬಿಸಿಯಾದ ಮೇಲೆ ಕಾರ್ಬೊರೇಟರ್‌ನೊಳಗಿನ ಪಿಸ್ಟನ್ನನ್ನು ಸುಮಾರು 0.8 ಮಿ.ಮೀ. ಎತ್ತಿ. ವೇಗ ಏರಿ ಏರಿಯೇ ಉಳಿದರೆ ಮಿಶ್ರಣ ದಪ್ಪ, ನಟ್ ಮೇಲಕ್ಕೆ. ಇಂಜಿನ್ ಸಾಯುವಂತಾದರೆ ತೆಳು, ನಟ್ ಕೆಳಕ್ಕೆ. ಒಂದು ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ.

9. ಮೊದಲ ಸ್ಟಾರ್ಟ್, ಮೊದಲ 800 ಕಿ.ಮೀ.

ಜೋಡಿಸಿದ ಇಂಜಿನ್‌ನ ಆಯಿಲ್ ಪಂಪ್ ಒಣಗಿರುತ್ತದೆ. ಪ್ಲಗ್ ಬಿಚ್ಚಿ, ಸೆಲ್ಫ್‌ನಿಂದ ಹತ್ತು ಹತ್ತು ಸೆಕೆಂಡ್ ತಿರುಗಿಸುತ್ತಾ ಗೇಜ್‌ನಲ್ಲಿ ಪ್ರೆಶರ್ ಕಾಣುವವರೆಗೆ ಕಾಯಿರಿ. ಕಾಣದಿದ್ದರೆ ಸ್ಟಾರ್ಟ್ ಮಾಡಬೇಡಿ, ಪಂಪ್‌ಗೆ ಎಣ್ಣೆ ತುಂಬಿಸಿ. ಎಣ್ಣೆ 20ಡಬ್ಲ್ಯು-50 ಮಿನರಲ್, ಸತು ಅಂಶ ಇರುವಂಥದ್ದು; ದುಬಾರಿ ಸಿಂಥೆಟಿಕ್ ಹಾಕಿದರೆ ಹೊಸ ರಿಂಗ್ ಕೂರುವುದೇ ಇಲ್ಲ. ವಾಲ್ವ್‌ಗಳನ್ನು ಆಡಿಸುವ ಕ್ಯಾಮ್ ಶಾಫ್ಟ್ ಹೊಸದು ಹಾಕಿದ್ದರೆ ಸ್ಟಾರ್ಟ್ ಆದ ತಕ್ಷಣ 2,000 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಿ, ಐಡ್ಲಿಂಗ್‌ಗೆ ಬಿಡಬೇಡಿ. ಐಡ್ಲಿಂಗ್‌ನಲ್ಲಿ ಕ್ಯಾಮ್‌ಗೆ ಎಣ್ಣೆ ಸಾಲದೆ ಅದರ ಮೂಗು ಸವೆಯುತ್ತದೆ.

800 ಕಿ.ಮೀ.ವರೆಗೆ 70 ಕಿ.ಮೀ. ವೇಗ ದಾಟಬೇಡಿ, ಟಾಪ್ ಗೇರ್‌ನಲ್ಲಿ ಏದುಸಿರು ಬಿಡಿಸಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗಬೇಡಿ. ಆಮೇಲೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಿ, ತಣ್ಣಗಿರುವಾಗ ಹೆಡ್ ನಟ್ ಬಿಗಿ ಮತ್ತೆ ನೋಡಿ, ನಂತರವೇ ಟ್ಯಾಪೆಟ್. ಹೆಡ್ ಬಿಗಿಯಾದಾಗ ಟ್ಯಾಪೆಟ್ ಅಂತರ ಬದಲಾಗುವುದರಿಂದ ಕ್ರಮ ತಿರುಗಿಸುವಂತಿಲ್ಲ.

ಇಂಜಿನ್ ಬದಲಿಸಿದವರು ಹಳೆಯದನ್ನು ಗುಜರಿಗೆ ಹಾಕಬೇಡಿ. ಸಿಲಿಂಡರ್‌ಗಳಿಗೆ ಎಣ್ಣೆ ಸುರಿದು, ತೂತುಗಳನ್ನೆಲ್ಲ ಮುಚ್ಚಿ, ನಂಬರ್ ತಗಡು ಬ್ಲಾಕ್‌ನಲ್ಲೇ ಬಿಟ್ಟು, ಅಳತೆ ಬರೆದ ಚೀಟಿ ಕಟ್ಟಿ ನೆಲದಿಂದ ಮೇಲೆ ಹಲಗೆಯ ಮೇಲಿಡಿ. ಕಾರು ಮಾರುವಾಗ ಅದು ಕಾರಿನ ಜೊತೆಗೇ ಹೋಗಬೇಕಾದ ಭಾಗ.